ಡ್ರೈವಿಂಗ್ ಸ್ಕೂಲಿನ ಮರೆಗುಳಿ ಕಾರು

ಮಧ್ಯಾಹ್ನದ ಹೊತ್ತು ರಿಪೇರಿಗೆ ಬರುವ ಕಾರುಗಳನ್ನು ಕಂಡರೆ ನನಗೆ ಸಿಟ್ಟು. ಬೆಳಿಗ್ಗೆಯೆಲ್ಲ ಮಾಲೀಕರ ಪ್ರಾಣ ಹಿಂಡಿರುತ್ತವೆ, ನನ್ನ ಅಂಗಡಿ ಮುಂದೆ ಬಂದು ನಿಲ್ಲುವಷ್ಟರಲ್ಲಿ ಏನೂ ಅರಿಯದ ಹಸುಗೂಸಿನ ಹಾಗೆ ಆಡುತ್ತವೆ. ಡ್ರೈವಿಂಗ್ ಸ್ಕೂಲಿನ ಆ ಬಿಳಿ ಕಾರು ಬಂದದ್ದೂ ಅಂಥ ಒಂದು ಮಧ್ಯಾಹ್ನವೇ. ನೆತ್ತಿಯ ಮೇಲೆ ಎಲ್ ಬೋರ್ಡು, ನಾಲ್ಕೂ ಬಾಗಿಲಿಗೆ ಗೀರು, ಒಳಗೆ ಕಲಿಯುವವರಿಗೊಂದು ಕಲಿಸುವವರಿಗೊಂದು ಎರಡು ಜೊತೆ ಬ್ರೇಕು-ಕ್ಲಚ್ಚು. ಎಂಜಿನ್ ಮಾತ್ರ ನಯವಾಗಿ ಗುನುಗುತ್ತಿತ್ತು.

ಕಾರಿನಿಂದ ಇಳಿದವರು ಸ್ಕೂಲಿನ ಒಡತಿ. ತೆಲುಗು ಬೆರೆತ ಮಾತಿನ ಪಾವಗಡದ ಕಡೆ ಹುಟ್ಟಿ ಬೆಳೆದ ಅವರು ಮಧುಗಿರಿಯಲ್ಲಿ ಹೆಂಗಸರಿಗಷ್ಟೇ ಕಾರು ಕಲಿಸುತ್ತಾರೆ. ಇರುವುದು ಇದೊಂದೇ ಕಾರು. ಕಲಿಯುವವರು ಅವರನ್ನು ಮೇಡಂ ಅನ್ನುತ್ತಾರೆ, ನಾನು ಅಕ್ಕ ಅನ್ನುತ್ತೇನೆ. ನನ್ನ ಹೆಂಡತಿಗೆ ಕಾರು ಕಲಿಸಿದವರೂ ಅವರೇ. ಅದಕ್ಕೆ ಮೊದಲು ನಾನೇ ಕಲಿಸಲು ಹೋಗಿ ಮನೆಯಲ್ಲಿ ಮಾತುಕತೆಯೇ ನಿಂತುಹೋಗಿತ್ತು.

"ಬೆಳಿಗ್ಗೆ ಹೊತ್ತು ಸತ್ತೋಗ್ತೈತೆ ಕಣಪ್ಪಾ," ಅಂದರು ಅಕ್ಕ. "ಕ್ಲಚ್ ಬುಡೋದೇ ತಡ, ಗಕ್ ಅಂತ ಆಫ್. ಬಿಸ್ಲೇರಿದ್ ಮೇಲೆ ನೋಡು, ಬಂಗಾರದಂಗೆ ಓಡ್ತೈತೆ. ಇದುಕ್ಕೇನು ದೆವ್ವ ಮೆಟ್ಕೊಂಡೈತಾ?"

ಅವರ ಹಿಂದೆ ಇನ್ನೊಬ್ಬರು ಬುರ್ಖಾದ ಅಂಚು ಹಿಡಿದು ನಿಂತಿದ್ದರು. ಸಿರಾದಲ್ಲಿ ಹುಟ್ಟಿ ಮಧುಗಿರಿಗೆ ಮದುವೆಯಾಗಿ ಬಂದವರು. ಗಂಡನದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಶಾಮಿಯಾನದ ಆಪಾ. ಸಕ್ಕರೆ ಕಾಯಿಲೆಯಿಂದ ಗಂಡನ ಕಣ್ಣು ಮಂಜಾಗಿ, ಡಾಕ್ಟರು ಇನ್ನು ಗಾಡಿ ಓಡಿಸಕೂಡದು ಅಂದಿದ್ದರು. ಸಾಮಾನು ಸಾಗಿಸುವ ಅವರ ಸಣ್ಣ ವ್ಯಾನು ಅಂಗಡಿ ಮುಂದೆ ನಿಂತೇ ಇತ್ತು. ಬದಲಿ ಡ್ರೈವರ್‌ಗಳು ಮುಹೂರ್ತದ ದಿನ ನೋಡಿಕೊಂಡೇ ಕೈಕೊಡುತ್ತಿದ್ದರು. ಕೊರಟಗೆರೆಯ ಒಬ್ಬರು ವ್ಯಾನು ಕೊಳ್ಳಲು ತಯಾರಿದ್ದರು. ಆಪಾಗೆ ಲೈಸೆನ್ಸ್ ಸಿಕ್ಕರೆ ವ್ಯಾನು ಉಳಿಯುತ್ತದೆ, ಅದರ ಜೊತೆ ಅಂಗಡಿಯೂ. ಇಲ್ಲದಿದ್ದರೆ ಎರಡೂ ಹೋಗುತ್ತವೆ. ಆಪಾ ಎರಡು ಸಲ ಟೆಸ್ಟಿಗೆ ಹೋಗಿ, ಎರಡು ಸಲವೂ ದಿಬ್ಬ ಹತ್ತಿಸುವಾಗ ಕಾರು ಆಫ್ ಆಗಿ ಫೇಲಾಗಿದ್ದರು. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಮಾರಿಬಿಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

"ಗಾಡಿದು ಏನ್ ಗಲ್ತಿ ಇಲ್ಲ ಭಯ್ಯಾ," ಅಂದರು ಆಪಾ ನೆಲ ನೋಡುತ್ತಾ. "ನನ್ ಕಾಲೇ ಸರಿ ಇಲ್ಲ."

"ಚಾಲು ಚಾಲು, ಸಾಕು ಸುಮ್ಕಿರು," ಅಂತ ಅಕ್ಕ ರೇಗಿದರು. "ನಿನ್ ಕಾಲು ನೆಟ್ಟಗೈತೆ. ಗಾಡಿ ಕಾಲೇ ನೆಟ್ಟಗಿಲ್ಲ."

ನಾನು ಡ್ರೈವರ್ ಸೀಟಿನಲ್ಲಿ ಕೂತು ಸ್ಕ್ಯಾನರ್ ಚುಚ್ಚಿದೆ. ಡ್ಯಾಶ್‌ಬೋರ್ಡಿನ ಗಡಿಯಾರ ಊಟದ ಹೊತ್ತಿನಲ್ಲಿ ಎಂಟು ಗಂಟೆ ತೋರಿಸುತ್ತಿತ್ತು. ಕೇಳಿದ್ದಕ್ಕೆ ಅಕ್ಕ, "ಅದ್ಯಾವತ್ತು ಸರಿಯಾಗಿ ತೋರ್ಸೈತೆ, ಬುಡು," ಅಂದರು. ನಾನೂ ಬಿಟ್ಟೆ. ಸ್ಕ್ಯಾನರ್ ಮಾತ್ರ ಒಂದು ವಿಷಯ ಸ್ಪಷ್ಟವಾಗಿ ಹೇಳಿತು: ಫ್ಯುಯೆಲ್ ಟ್ರಿಮ್ ಹತ್ತೊಂಬತ್ತು ಪರ್ಸೆಂಟ್ ಮೇಲಕ್ಕೆ ಹೋಗಿ ಕೂತಿತ್ತು.

ಕಾರಿನ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಇರುತ್ತದೆ. ಎಂಜಿನ್ ಇಷ್ಟು ವೇಗದಲ್ಲಿ ತಿರುಗುವಾಗ, ಇಷ್ಟು ಗಾಳಿ ಎಳೆಯುವಾಗ, ಇಷ್ಟು ಪೆಟ್ರೋಲ್ ಬಿಡು ಎಂದು ಒಂದೊಂದು ಮನೆಯಲ್ಲಿ ಬರೆದಿರುತ್ತದೆ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಕೂತು, ಬಿಟ್ಟ ಪೆಟ್ರೋಲ್ ಕಡಿಮೆಯಾಯಿತೋ ಹೆಚ್ಚಾಯಿತೋ ಮೂಸಿ ಹೇಳುತ್ತದೆ. ಕಂಪ್ಯೂಟರ್ ಆಗಿಂದಾಗಲೇ ಕೂಡಿಸಿ ಕಳೆದು ಸರಿಮಾಡಿಕೊಳ್ಳುತ್ತದೆ. ಒಂದೇ ತಿದ್ದುಪಡಿ ಮತ್ತೆ ಮತ್ತೆ ಬೇಕಾದರೆ ಅದನ್ನು ನೆನಪಿಟ್ಟುಕೊಂಡು ಮೊದಲೇ ಹಾಕುತ್ತದೆ. ಆ ತಿದ್ದುಪಡಿಗೇ ನಮ್ಮ ಕಸುಬಿನಲ್ಲಿ ಫ್ಯುಯೆಲ್ ಟ್ರಿಮ್ ಅನ್ನುವುದು. ಉಪ್ಪಿನ ಡಬ್ಬಿಯ ಚಮಚ ಕಳೆದುಹೋಗಿ ಸಣ್ಣ ಚಮಚ ಬಂತೆನ್ನಿ. ದಿನಾ ಅಡುಗೆ ಮಾಡುವ ಕೈ ಬೇಗ ಒಂದು ಚಿಟಿಕೆ ಹೆಚ್ಚಿಗೆ ಹಾಕಲು ಕಲಿತುಬಿಡುತ್ತದೆ, ಸಾರು ಸಪ್ಪೆಯಾಗುವುದಿಲ್ಲ.

ಈ ಕಾರಿನಲ್ಲೂ ಚಮಚವೇ ಬದಲಾಗಿತ್ತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಹಿಂದೊಮ್ಮೆ ಕೆಟ್ಟಾಗ, ಈ ಮಾಡೆಲ್ಲಿಗೆ ಸಿಗದೆ, ಯಾರೋ ಬೇರೆ ಕಾರಿನ ಸಣ್ಣ ಇಂಜೆಕ್ಟರ್ ಕೂರಿಸಿದ್ದರು. ಸರಿಯಾದವು ಈಗಲೂ ಸಿಗುವುದಿಲ್ಲ. ಉಳಿದ ದಾರಿ ಒಂದೇ, ಕಾರು ಓಡಿಸಿ ಡೇಟಾ ಲಾಗ್ ಮಾಡಿ, ಅಂದರೆ ಓಡುವಾಗಿನ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆ ಕೋಷ್ಟಕವನ್ನೇ ಈ ಸಣ್ಣ ಇಂಜೆಕ್ಟರ್‌ಗಳಿಗೆ ಹೊಂದುವಂತೆ ತಿದ್ದಿ ಬರೆಯುವುದು. ಇದು ನನಗೆ ಇಷ್ಟವಾದ ಕೆಲಸ. ಆಪಾಗೆ ಧೈರ್ಯ ಹೇಳಿ ಕಳಿಸಿ ಕಾರು ಇಟ್ಟುಕೊಂಡೆ.

ಲಾಗ್ ಮಾಡುವ ಮೊದಲು ಟ್ರಿಮ್ ಸೊನ್ನೆ ಮಾಡಬೇಕು. ಇದು ನನ್ನ ಕಟ್ಟುನಿಟ್ಟು. ಹಳೆಯ ನೆನಪು ಉಳಿದಿದ್ದರೆ, ಬರುವ ಅಂಕಿಯಲ್ಲಿ ಹಳೆಯ ತಿದ್ದುಪಡಿ ಎಷ್ಟು, ಇವತ್ತಿನದು ಎಷ್ಟು ಎಂದು ಬಿಡಿಸುವುದು ಕಷ್ಟ. ಪಾತ್ರೆಯ ತಳದಲ್ಲಿ ನೀರಿರುವಾಗಲೇ ಹಾಲು ಹಾಕಿಸಿಕೊಂಡು ಅಳತೆ ನೋಡಿದ ಹಾಗೆ. ಸ್ಕ್ಯಾನರಿನಿಂದ ಸೊನ್ನೆ ಮಾಡಿದೆ. ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಸಿ ಮಾಡಿದೆ. ಟ್ಯಾಂಕಿನ ಆವಿ ಎಂಜಿನ್ನಿಗೆ ಹೋಗುವ ದಾರಿ ಮುಚ್ಚಿದೆ, ಏಕೆಂದರೆ ನಮ್ಮ ಕಡೆಯ ಬಿಸಿಲಿಗೆ ಆ ಆವಿಯೇ ಅರ್ಧ ಲೆಕ್ಕ ಕೆಡಿಸುತ್ತದೆ. ಎಸಿ ಆರಿಸಿ ಪಾವಗಡದ ರಸ್ತೆಗೆ ಬಿದ್ದೆ. ಮಿಡಿಗೇಶಿಯ ತನಕ ಮೂರನೇ ಗೇರಿನಲ್ಲಿ ಒಂದು ವೇಗ, ನಾಲ್ಕನೇ ಗೇರಿನಲ್ಲಿ ಇನ್ನೊಂದು. ಕಾಲು ಅಲುಗಿಸದೆ, ಕೋಷ್ಟಕದ ಒಂದೊಂದು ಮನೆಯಲ್ಲೂ ಸಾಕಷ್ಟು ಹೊತ್ತು ನಿಂತು ಮುಂದಕ್ಕೆ. ಬಸ್ಸು ಹಿಂದೆ ಹಾಕಿದ ಕಡೆಯ ಅಂಕಿಗಳನ್ನೆಲ್ಲ ಆಮೇಲೆ ಕಿತ್ತು ಎಸೆದೆ.

ಅಂಗಡಿಗೆ ಬಂದು ಕೋಷ್ಟಕ ತಿದ್ದಿ ಬರೆದೆ. ಮತ್ತೆ ಸೊನ್ನೆ ಮಾಡಿ, ಮತ್ತೆ ಓಡಿಸಿದೆ. ಟ್ರಿಮ್ ಸೊನ್ನೆಯ ಅಕ್ಕಪಕ್ಕದಲ್ಲೇ ಆಡುತ್ತಿತ್ತು. ಅಷ್ಟು ಚೆಂದದ ಗೆರೆ ಬಂದಾಗ ನನಗೆ ಒಂದು ಟೀ ಹೆಚ್ಚಿಗೆ ಕುಡಿಯುವ ಅಭ್ಯಾಸ, ಕುಡಿದೆ. ಸಂಜೆ ಅಕ್ಕನಿಗೆ ಕೀ ಕೊಡುವಾಗ, "ಇನ್ನು ನಿಶ್ಚಿಂತೆಯಾಗಿರಿ," ಅಂತ ಜಂಬದಿಂದಲೇ ಹೇಳಿದೆ.

ಮಾರನೇ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಫೋನು ಬಂತು. "ಏಮಯ್ಯಾ, ಮತ್ತೆ ಸತ್ತೋಯ್ತಲ್ಲೋ ನಿನ್ ಕಾರು!" ಕೆಟ್ಟ ತಕ್ಷಣ ಅದು ನನ್ನ ಕಾರಾಗಿತ್ತು.

ಅಂದಿನಿಂದ ನಾನು ಹುಡುಕದ ಜಾಗವಿಲ್ಲ. ಗಾಳಿ ಎಲ್ಲಾದರೂ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆಯೋ ಎಂದು ಹೊಗೆ ಬಿಟ್ಟು ನೋಡಿದೆ, ಇರಲಿಲ್ಲ. ಸೆನ್ಸರಿಗಿಂತ ಮುಂಚೆಯೇ ಹೊಗೆ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಅಲ್ಲಿಂದ ಹೊರಗಿನ ಗಾಳಿ ನುಗ್ಗಿದರೆ ಸೆನ್ಸರ್ ಮೋಸ ಹೋಗುತ್ತದೆ. ಸಿಕ್ಕಿತಲ್ಲ ಕಳ್ಳ ಎಂದು ಕುಣಿದಾಡಿ, ವೆಲ್ಡಿಂಗ್ ಮಾಡಿಸಿ, ಟ್ರಿಮ್ ಸೊನ್ನೆ ಮಾಡಿ, ಇಡೀ ಲಾಗಿಂಗ್ ಮತ್ತೆ ಮೊದಲಿಂದ ಮಾಡಿದೆ. ಸಂಜೆ ಕಾರು ಕೊಟ್ಟೆ, ಬೆಳಿಗ್ಗೆ ಫೋನು ಬಂತು. ಗಾಳಿ ಒಳಬಿಡುವ ಥ್ರಾಟಲ್ ಬಿಚ್ಚಿ ತೊಳೆದೆ. ಬೆಳಿಗ್ಗೆ ಫೋನು ಬಂತು. ನನ್ನ ಹೆಂಡತಿ ಫೋನು ಬಡಿದುಕೊಂಡ ಕೂಡಲೇ, "ನಿಮ್ಮ ಸುಪ್ರಭಾತ," ಅನ್ನಲು ಶುರುಮಾಡಿದಳು.

ಟೆಸ್ಟಿಗೆ ಒಂದು ವಾರ ಉಳಿದಿದ್ದಾಗ ನನ್ನ ತಾಳ್ಮೆ ಕೆಟ್ಟಿತು. "ಅಕ್ಕಾ, ನಾನು ಓಡಿಸಿದ್ರೆ ಒಂದ್ಸಲಾನೂ ಆಫ್ ಆಗಲ್ಲ. ಕಲಿಯೋರ ಕಾಲಿಗೆ ನಾನೇನ್ ಮಾಡ್ಲಿ?" ಅಂದುಬಿಟ್ಟೆ.

ಅಕ್ಕ ತಣ್ಣಗೆ, "ಆಯಮ್ಮ ಪಕ್ಕದಲ್ಲೇ ನಿಂತವಳೆ, ಕೇಳಿಸ್ಕೊಂಡ್ಲು," ಅಂದರು. "ನೀನು ನಾಳೆ ಕ್ಲಾಸಿಗೆ ಬಾ. ಹಿಂದುಗಡೆ ಸೀಟ್ನಾಗೆ ಕೂತ್ಕೋ. ಬಾಯಿ ಬುಡ್ಬೇಡ, ನೋಡು ಅಷ್ಟೇಯ."

ಹೋಗದೆ ಇರುವ ಮುಖ ನನಗಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಬೆಟ್ಟದ ಕೆಳಗಿನ ಬಯಲಿನಲ್ಲಿ ಇನ್ನೂ ಬಿಸಿಲು ಬಿದ್ದಿರಲಿಲ್ಲ. ನಾಲ್ಕೈದು ಹೆಂಗಸರು ಕಾರಿನ ಸುತ್ತ ನಿಂತಿದ್ದರು. ಆಪಾ ನನ್ನನ್ನು ನೋಡಿಯೂ ನೋಡದ ಹಾಗೆ ಇದ್ದರು. ಅಕ್ಕ ಬಾನೆಟ್ ಎತ್ತಿಸಿದರು. ಆಯಿಲ್ ನೋಡಿಸಿದರು, ನೀರು ನೋಡಿಸಿದರು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹತ್ತನೇ ನಂಬರ್ ಸ್ಪ್ಯಾನರ್ ತೆಗೆದು ಆಪಾ ಕೈಗೆ ಕೊಟ್ಟರು. ಆಪಾ "ಬಿಸ್ಮಿಲ್ಲಾ" ಅಂದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಮೇಲಕ್ಕೆತ್ತಿದರು. ಬಟ್ಟೆಯಿಂದ ಅದನ್ನು ಚೆನ್ನಾಗಿ ಒರೆಸಿ ಮತ್ತೆ ಹಾಕಿದರು. ಅಷ್ಟು ಹೊತ್ತೂ ಕಾರಿಗೆ ಕರೆಂಟಿಲ್ಲ. ಕಂಪ್ಯೂಟರ್ ಹಿಂದಿನ ದಿನವೆಲ್ಲ ಕಲಿತದ್ದು ಅಷ್ಟರಲ್ಲಿ ಅಳಿಸಿಹೋಗಿತ್ತು.

"ಅಕ್ಕಾ! ಏನ್ ಮಾಡಿಸ್ತಾ ಇದೀರಾ ಇದು!" ಬಾಯಿ ಬಿಡಬಾರದೆಂಬ ಮಾತು ಮರೆತೇಹೋಗಿತ್ತು.

"ಏನು? ದಿನಾ ಮಾಡ್ಸದು. ನನ್ ಕ್ಲಾಸಿನ ಮೊದಲ್ನೇ ಪಾಠ ಇದು."

ದಿನಾ! ಡ್ಯಾಶ್‌ಬೋರ್ಡಿನ ಗಡಿಯಾರ ಸೊನ್ನೆಯಿಂದ ಹೊರಟು ಕಣ್ಣು ಮಿಟುಕಿಸುತ್ತಿತ್ತು. ಮೊದಲ ದಿನವೇ ಅದು ನನಗೆ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಸಣ್ಣ ಚಮಚದ ಅಡುಗೆಮನೆಗೆ ದಿನಾ ಬೆಳಿಗ್ಗೆ ಹೊಸ ಅಡುಗೆಯವರು ಬರುತ್ತಿದ್ದರು. ಚಮಚ ಸಣ್ಣದೆಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನವಾಗಿ, ಕಾರು ನನ್ನ ಅಂಗಡಿಗೆ ಬರುತ್ತಿತ್ತು. ಬೆಳಿಗ್ಗೆ ತಣ್ಣಗಿರುವಾಗ ಸೆನ್ಸರ್ ಕೂಡ ಎದ್ದಿರುವುದಿಲ್ಲ, ಮೂಸಿ ಹೇಳುವವರು ಯಾರೂ ಇಲ್ಲ.

ವಿಷಯವನ್ನು ಅಕ್ಕನಿಗೆ ಬಿಡಿಸಿ ಹೇಳಿದೆ. "ಇದನ್ನು ನಿಲ್ಲಿಸಿ, ಎಲ್ಲ ಸರಿಹೋಗುತ್ತೆ," ಅಂದೆ.

ಅಕ್ಕನ ಮುಖ ಕೆಂಪಾಯಿತು. "ಯಾಕ್ ಮಾಡಿಸ್ತೀನಿ ಅಂತ ಕೇಳ್ದೇನೋ? ನಾನು ಕಾರು ಕಲ್ತ ಹೊಸದ್ರಾಗೆ ವೈ.ಎನ್.ಹೊಸಕೋಟೆ ದಾಟಿ ನಡುರೋಡ್ನಾಗೆ ನಿಂತೋಯ್ತು. ಉರಿಬಿಸ್ಲು. ಕಡ್ಲೇಕಾಯಿ ಹೊಲ್ದೋರೆಲ್ಲ ಬಂದು ನೋಡಿದ್ದೇ ನೋಡಿದ್ದು. ಕೊನೀಗೆ ಒಬ್ಬ ಟ್ರಾಕ್ಟ್ರಿನೋನು ಬಂದು, ಕಲ್ಲು ತಕ್ಕೊಂಡು ಈ ಟರ್ಮಿನಲ್ಲಿಗೆ ಟಕ್ ಅಂತ ಒಂದ್ ಏಟು ಕೊಟ್ಟ. ಸ್ಟಾರ್ಟ್ ಆಗೋಯ್ತು. ಸಡ್ಲ ಆಗಿತ್ತು ಅಷ್ಟೇ, ಇನ್ನೇಮಿ ಲೇದು. ಅವ್ರು ನಕ್ಕಿದ್ದು ಈಗ್ಲೂ ಕಿವೀಲೈತೆ. ನನ್ ಸ್ಕೂಲಿಂದ ಹೋಗೋ ಯಾವ್ ಹೆಣ್ಮಗ್ಳೂ ಬಾನೆಟ್ ಮುಂದೆ ಕೈಕಟ್ಕೊಂಡು ನಿಲ್ಬಾರ್ದು ಅಂತ ಅವತ್ತೇ ಅಂದ್ಕೊಂಡೆ."

ಆಪಾ ಮೆಲ್ಲಗೆ ಸ್ಪ್ಯಾನರ್ ಒರೆಸುತ್ತಾ, "ಮನೆಯಲ್ಲಿ ಬಲ್ಬ್ ಹಾಕೋಕೂ ಹೆದರ್ತಿದ್ದೆ ಭಯ್ಯಾ," ಅಂದರು. "ಇದು ಬಿಚ್ಚಿ ಹಾಕಿದ ದಿನಾನೇ ನಂಗೆ ಗಾಡಿ ಓಡಿಸಬಹುದು ಅನ್ಸಿದ್ದು. ಇದು ಬಿಟ್ರೆ ಮತ್ತೆ ಡರ್ ಆಗ್ತದೆ."

ಅಂದು ಬೆಳಿಗ್ಗೆ ಕಾರು ಅವರ ಕಾಲಡಿ ಮತ್ತೆ ಮತ್ತೆ ಸತ್ತಿತು. ಒಂದೊಂದು ಸಲವೂ ಅವರು "ಮಾಫ್ ಕರೋ" ಅನ್ನುತ್ತಿದ್ದರು, ಅಕ್ಕನಿಗಲ್ಲ, ಕಾರಿಗೆ. ಹಿಂದಿನ ಸೀಟಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವಾಗ, ಕಲಿಯುವವರ ಕಾಲಿನ ಮಾತೆತ್ತಿದ್ದ ನಾನು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿ ಲಾಗ್ ಮಾಡುತ್ತಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಕೈಲೂ ದಿನಾ ಬಿಚ್ಚಿಸ್ತಿದ್ರು. ನೀವು ಒಂದಿನಾನಾದ್ರೂ ಕ್ಲಾಸಲ್ಲಿ ಏನ್ ಹೇಳ್ಕೊಟ್ರು ಅಂತ ಕೇಳಿದ್ದೀರಾ?"

ಊಟ ಮಾಡುತ್ತಾ ಬೆಳಗಿನ ಲಾಗ್ ತೆರೆದೆ. ನೋಡುತ್ತಾ ನೋಡುತ್ತಾ ತುತ್ತು ಕೈಯಲ್ಲೇ ಉಳಿಯಿತು. ಕೋಷ್ಟಕದಲ್ಲಿ ಕಲಿಯುವವರ ಕಾಲುಗಳು ಓಡಾಡಿದ ಮನೆಗಳು ನಾನು ಒಮ್ಮೆಯೂ ಕಾಲಿಡದ ಮನೆಗಳು. ಅರ್ಧ ಕ್ಲಚ್ಚು, ನಡುಗುವ ಆಕ್ಸಿಲರೇಟರು, ಎಂಜಿನ್ ಇನ್ನೇನು ನಿಂತೇಹೋಗುತ್ತದೆ ಅನ್ನುವ ವೇಗ. ಅನುಭವಸ್ಥನ ಕಾಲು ಅಲ್ಲಿ ಅರೆಕ್ಷಣವೂ ನಿಲ್ಲುವುದಿಲ್ಲ, ಹಾಗಾಗಿ ಪಾವಗಡದ ರಸ್ತೆಯ ಲಾಗಿನಲ್ಲಿ ಆ ಮನೆಗಳು ಖಾಲಿ ಇದ್ದವು. ಪಕ್ಕದ ಮನೆಗಳನ್ನು ನೋಡಿ ಅಂದಾಜಿನ ಮೇಲೆ ತುಂಬಿಸಿದ್ದೆ. ಆದರೆ ಇಂಜೆಕ್ಟರ್ ತೆರೆ ಅಂದ ಕೂಡಲೇ ತೆರೆಯುವುದಿಲ್ಲ, ಒಂದು ಚೂರು ತಡ ಮಾಡುತ್ತದೆ. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅದು ಬಹಳ ಹೊತ್ತು ತೆರೆದಿರುವುದರಿಂದ ಆ ತಡ ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ಕ್ಲಚ್ಚಿನಲ್ಲಿ ತೆರೆದಿರುವುದೇ ಚೂರು, ಅದರಲ್ಲಿ ಬಹುಪಾಲು ಆ ತಡವೇ ನುಂಗಿಬಿಡುತ್ತದೆ. ನನ್ನ ಅಂದಾಜು ತಪ್ಪಿದ್ದು ಅಲ್ಲೇ.

ಟರ್ಮಿನಲ್ ಬಿಚ್ಚಬೇಡಿ ಅಂದರೆ ತೊಂದರೆ ಅಡಗುತ್ತಿತ್ತು, ನಿಜ. ಬ್ಯಾಟರಿ ಬದಲಾಯಿಸಿದ ದಿನ ಮತ್ತೆ ಏಳುತ್ತಿತ್ತು. ಕೋಷ್ಟಕ ಸರಿ ಇದ್ದರೆ ಕಾರಿಗೆ ನೆನಪಿನ ಊರುಗೋಲು ಬೇಕಾಗಿಯೇ ಇಲ್ಲ. ಅದೂ ಅಲ್ಲದೆ, ಲಾಗಿಂಗಿಗೆ ಮೊದಲು ಟ್ರಿಮ್ ಸೊನ್ನೆ ಮಾಡಬೇಕೆಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುವವನು ನಾನು. ಇಲ್ಲಿ ದಿನಾ ಬೆಳಿಗ್ಗೆ ಒಬ್ಬರು ನನಗೋಸ್ಕರವೇ ಅನ್ನುವ ಹಾಗೆ ಸೊನ್ನೆ ಮಾಡಿ, ಬೇಕಾದ ಮನೆಗಳಲ್ಲೇ ಕಾರು ಓಡಿಸಿ ತೋರಿಸುತ್ತಿದ್ದರು. ಅದನ್ನೇ ನಿಲ್ಲಿಸಿ ಎಂದು ಜಗಳ ಆಡಿ ಬಂದಿದ್ದೆ. ಅಕ್ಕನಿಗೆ ಫೋನು ಮಾಡಿ, "ನಾಳೆಯಿಂದ ನಾನೂ ಕ್ಲಾಸಿಗೆ ಬರ್ತೀನಿ," ಅಂದೆ. ಯಾಕೆ ಎಂದು ಅವರು ಕೇಳಲಿಲ್ಲ, ಇನ್ನೂ ಕೋಪವಿತ್ತು. ನಾನೂ ವಿವರಿಸಲಿಲ್ಲ.

ಹೀಗೆ ನನ್ನ ಲಾಗಿಂಗು ಹಿಂದಿನ ಸೀಟಿಗೆ ಬಂತು. ಬಯಲಿನಲ್ಲಿ ಕಾರು ಗಕ್ಕೆಂದು ಮುಗ್ಗರಿಸಿದಾಗಲೆಲ್ಲ ಲ್ಯಾಪ್‌ಟಾಪಿನ ಜೊತೆ ನಾನೂ ಮುಂದಿನ ಸೀಟಿಗೆ ಮುತ್ತಿಡುತ್ತಿದ್ದೆ. ಸೆನ್ಸರ್ ಬಿಸಿಯಾದ ಮೇಲಿನ ಅಂಕಿಗಳನ್ನಷ್ಟೇ ಆರಿಸಿ, ಕೆಳಗಿನ ಮನೆಗಳನ್ನು ಒಂದೊಂದಾಗಿ ತಿದ್ದಿ, ಸಂಜೆ ಕಾರಿಗೆ ಬರೆಯುತ್ತಿದ್ದೆ. ಬೆಳಿಗ್ಗೆ ಟರ್ಮಿನಲ್ ಬಿಚ್ಚುತ್ತಾರೆ, ಸೊನ್ನೆಯಿಂದ ಶುರು. ದಿನದಿಂದ ದಿನಕ್ಕೆ ಸಾಯುವುದು ಕಡಿಮೆಯಾಯಿತು. ಹೆಂಗಸರು ನನಗೆಂದು ಮನೆಯಿಂದ ತಿಂಡಿ ತರತೊಡಗಿದರು. ಆಪಾ ಒಮ್ಮೆ ಖರ್ಜೂರ ಕೊಟ್ಟು, "ಭಯ್ಯಾ, ಮುಂದಿನ ಸೀಟ್ ಹಿಡ್ಕೊಂಡು ಕೂತ್ಕೊಳ್ಳಿ," ಎಂದು ಮೊದಲ ಬಾರಿ ನಕ್ಕರು.

ಟೆಸ್ಟಿನ ಹಿಂದಿನ ದಿನ ನಾನು ಹೋಗುವುದು ತಡವಾಯಿತು. ಕ್ಲಾಸು ಆಗಲೇ ಶುರುವಾಗಿತ್ತು. ಹತ್ತಿ ಕೂತು ಲಾಗ್ ಹಾಕಿದೆ. ಟ್ರಿಮ್ ಮೈನಸ್ ಹನ್ನೊಂದು! ಪೆಟ್ರೋಲ್ ವಿಪರೀತ ಹೆಚ್ಚಾಗಿದೆ ಅನ್ನುತ್ತಿತ್ತು. ಇಷ್ಟು ದಿನ ತಿದ್ದಿದ್ದೆಲ್ಲ ತಪ್ಪೇ? ಅಷ್ಟನ್ನೂ ಕಡಿತ ಮಾಡಿ ಹೊಸ ಕೋಷ್ಟಕ ತಯಾರಿಸಿ, ಕಾರು ನಿಂತ ಕೂಡಲೇ ಬರೆಯಲು ಕೇಬಲ್ ಚುಚ್ಚಲು ಬಗ್ಗಿದೆ. ಆಗ ಡ್ಯಾಶ್‌ಬೋರ್ಡಿನ ಗಡಿಯಾರ ಕಣ್ಣಿಗೆ ಬಿತ್ತು. ಸರಿಯಾದ ಸಮಯ ತೋರಿಸುತ್ತಿತ್ತು.

"ಅಕ್ಕಾ, ಇವತ್ತು ಟರ್ಮಿನಲ್ ಬಿಚ್ಚಿಲ್ವಾ?"

ಅಕ್ಕ ಕಿಟಕಿಯ ಆಚೆ ನೋಡಿದರು. "ಇಲ್ಲ ಕಣಪ್ಪಾ. ಇವತ್ತಿಂದ ನಿಲ್ಸಿಬುಟ್ಟೆ. ಪಾಪ ಆಯಮ್ಮಂದು ಬಾಳ್ವೆ ವಿಷ್ಯ. ನನ್ ಹಟಕ್ಕೆ ಅವಳ ಗಾಡಿ ಹೋಗೋದು ಬ್ಯಾಡ ಅನ್ನಿಸ್ತು. ಇನ್ ಬಿಚ್ಚಾಕಿಲ್ವಲ್ಲ ಅಂತ ಗಡಿಯಾರಾನೂ ಸರಿ ಮಾಡಿಟ್ಟೆ."

ಹಿಂದಿನ ದಿನ ಕಾರು ತಾನಾಗಿ ಕಲಿತು ನೆನಪಿಟ್ಟುಕೊಂಡದ್ದು, ಸಂಜೆ ನಾನು ಬರೆದದ್ದರ ಮೇಲೆ ಸೇರಿಕೊಂಡಿತ್ತು. ಹೊಸದು ಬರೆದ ಮಾತ್ರಕ್ಕೆ ಹಳೆಯ ನೆನಪು ಈ ಕಾರಿನಲ್ಲಿ ಅಳಿಯುವುದಿಲ್ಲ. ಬಿಚ್ಚಿರುತ್ತಾರೆಂದು ನಂಬಿ ನಾನು ಸ್ಕ್ಯಾನರಿನಿಂದ ಸೊನ್ನೆ ಮಾಡಿರಲಿಲ್ಲ. ಒಂದೇ ಕೊರತೆಗೆ ಎರಡು ಸಲ ಪೆಟ್ರೋಲ್ ಬೀಳುತ್ತಿತ್ತು, ಅದನ್ನು ಕಳೆಯಲು ಕಾರು ಒದ್ದಾಡುತ್ತಿತ್ತು. ಆ ಸುಳ್ಳು ಅಂಕಿ ನಂಬಿ ಕಡಿತ ಮಾಡಿದ್ದರೆ ಟೆಸ್ಟಿನ ದಿಬ್ಬದ ಮೇಲೆ ಆಪಾ ಕಥೆ ಮುಗಿಯುತ್ತಿತ್ತು.

"ಅಕ್ಕಾ, ದಯವಿಟ್ಟು ಮತ್ತೆ ಬಿಚ್ಚಿಸಿ."

"ನಿನ್ ತಲೆ ನೆಟ್ಟಗೈತಾ? ಅವತ್ತು ಬ್ಯಾಡ ಅಂತೀಯ, ಇವತ್ತು ಬಿಚ್ಚು ಅಂತೀಯ!"

"ಅವತ್ತು ಹೇಳಿದ್ದು ಬುದ್ಧಿ ಇಲ್ದೆ. ಎಲ್ಲ ಮರೆತು ಎದ್ದ ಬೆಳಿಗ್ಗೇನೂ ಇದು ಓಡಬೇಕು ಅಕ್ಕಾ. ಆಗ್ಲೇ ನನ್ನ ಕೆಲಸ ಮುಗಿಯೋದು. ನಿಮ್ಮ ಪಾಠ ನಿಲ್ಸೋಕಲ್ಲ ನಾನು ಇಷ್ಟು ದಿನ ಹಿಂದೆ ಕೂತಿದ್ದು."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದರು. ಸೊಂಟದಲ್ಲಿ ಸ್ಪ್ಯಾನರ್ ಹಾಗೆಯೇ ಇತ್ತು. ಕಣ್ಣು ಒರೆಸಿಕೊಂಡು ಅದನ್ನು ಆಪಾ ಕೈಗೆ ಕೊಟ್ಟರು. ತಯಾರಿಸಿದ್ದ ಕೋಷ್ಟಕವನ್ನು ಎಸೆದು, ಸೊನ್ನೆಯಿಂದ ಮತ್ತೆ ಲಾಗ್ ಮಾಡಿದೆ. ತಿದ್ದಬೇಕಾದದ್ದು ಬೆರಳೆಣಿಕೆಯ ಮನೆಗಳು, ಒಂದೆರಡು ಪರ್ಸೆಂಟು. ಸಂಜೆ ಬರೆದು, ಕೈ ಮುಗಿದು ಕಾರು ಕಳಿಸಿದೆ.

ಟೆಸ್ಟಿನ ದಿನ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಹೋದೆ. ಆಪಾ ಗಂಡ, ಶಾಮಿಯಾನದ ಭಾಯ್, ಕಪ್ಪು ಕನ್ನಡಕ ಹಾಕಿಕೊಂಡು ಕಾಂಪೌಂಡಿನ ಪಕ್ಕ ನಿಂತಿದ್ದರು. ಸರದಿ ಹತ್ತಿರ ಬಂದಾಗ ಅಕ್ಕ ನನ್ನ ಕಿವಿಯಲ್ಲಿ, "ಇವತ್ತೊಂದಿನ ಬ್ಯಾಡ ಅಲ್ವೇನಪ್ಪಾ?" ಅಂದರು. ಆಪಾ ಇಬ್ಬರನ್ನೂ ನೋಡುತ್ತಿದ್ದರು. ಬೇಡ ಅನ್ನುವುದು ಸುಲಭವಿತ್ತು. ಕಾರು ಬೆಳಗಿನಿಂದ ಓಡಿ ಬಂದಿತ್ತು, ಎಲ್ಲ ನೆನಪೂ ಅದರಲ್ಲಿತ್ತು.

"ಬಿಚ್ಚಿ ಆಪಾ," ಅಂದೆ.

ಅವರು ಬಿಚ್ಚಿದರು, ಒರೆಸಿದರು, ಹಾಕಿದರು. ಉಸಿರೆಳೆದುಕೊಂಡು ಸೀಟಿನಲ್ಲಿ ಕೂತರು. ತಿರುವುಗಳೆಲ್ಲ ಚೆನ್ನಾಗಿಯೇ ಆದವು. ದಿಬ್ಬದ ನಡುವೆ ನಿಲ್ಲಿಸಿ ಎಂದು ಇನ್‌ಸ್ಪೆಕ್ಟರು ಕೈ ತೋರಿದರು, ನಿಂತಿತು. ಹೊರಡಿ ಅಂದರು. ಕ್ಲಚ್ಚು ಮೇಲೆ ಬಂತು, ಎಂಜಿನ್ನಿನ ದನಿ ಇಳಿಯಿತು, ಇನ್ನೂ ಇಳಿಯಿತು, ಬಾನೆಟ್ಟು ಸಣ್ಣಗೆ ನಡುಗಿತು. ಆ ಮನೆ ನನಗೆ ಗೊತ್ತಿತ್ತು. ಅದರಲ್ಲಿ ಎಷ್ಟು ಪೆಟ್ರೋಲ್ ಬರೆದಿದ್ದೇನೆಂಬುದೂ ಗೊತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕನ ಎಡಗಾಲು, ಇಲ್ಲದ ಕ್ಲಚ್ಚನ್ನು ನೆಲದ ಮೇಲೆ ಒತ್ತುತ್ತಿತ್ತು. ಕಾರು ಒಂದು ಸಲ ದಮ್ಮು ಕಟ್ಟಿ, ದಿಬ್ಬ ಹತ್ತಿ ಆಚೆ ಇಳಿಯಿತು.

ಅಕ್ಕ ನನ್ನ ಬೆನ್ನಿಗೆ ಕೊಟ್ಟ ಏಟು ಸಂಜೆಯವರೆಗೂ ಉರಿಯುತ್ತಿತ್ತು. ಭಾಯ್‌ಗೆ ದಿಬ್ಬದ ತನಕ ಕಣ್ಣು ಹಾಯುತ್ತಿರಲಿಲ್ಲ. "ಬಂದ್ ಆಯ್ತಾ? ಬಂದ್ ಆಯ್ತಾ?" ಎಂದು ಕೇಳುತ್ತಲೇ ಇದ್ದರು. ಇಲ್ಲ ಭಾಯ್ ಅಂದಾಗ ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

ಲೈಸೆನ್ಸ್ ಕೈಗೆ ಬಂದ ದಿನ ಶಾಮಿಯಾನದ ಅಂಗಡಿ ಮುಂದೆ ನಮ್ಮನ್ನೆಲ್ಲ ಕರೆದಿದ್ದರು. ಐ.ಡಿ.ಹಳ್ಳಿಯ ಒಂದು ಮದುವೆಗೆ ವ್ಯಾನಿನಲ್ಲಿ ಕುರ್ಚಿ, ಪಾತ್ರೆ ತುಂಬಿತ್ತು. ನಾನೇ ಅದಕ್ಕೆ ಹಿಂದಿನ ದಿನ ಸ್ಕ್ಯಾನರ್ ಹಾಕಿ ಎಲ್ಲ ಸರಿ ಇದೆ ಎಂದು ನೋಡಿಟ್ಟಿದ್ದೆ. ಭಾಯ್ ಪಕ್ಕದ ಸೀಟಿನಲ್ಲಿ ಹತ್ತಿ ಕೂತಾಗಿತ್ತು. ಆಪಾ ಮಾತ್ರ ಹತ್ತಲಿಲ್ಲ. ಕೈಚೀಲಕ್ಕೆ ಕೈ ಹಾಕಿ ಹೊಸದೊಂದು ಹತ್ತನೇ ನಂಬರ್ ಸ್ಪ್ಯಾನರ್ ತೆಗೆದು, ನೇರ ಬ್ಯಾಟರಿಯ ಹತ್ತಿರ ಹೋದರು.

"ಅರೆ, ಗಾಡಿ ಚೆನ್ನಾಗೈತಲ್ಲ, ಯಾಕೆ ಬಿಚ್ತೀಯ?" ಎಂದು ಭಾಯ್ ಕೂಗಿದರು.

ಆಪಾ ಟರ್ಮಿನಲ್ ಬಿಚ್ಚಿ, ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿ ಬಿಗಿ ಮಾಡಿದರು. ಆ ವ್ಯಾನಿನ ಕಂಪ್ಯೂಟರ್ ಅಷ್ಟು ವರ್ಷ ಕಲಿತದ್ದರಲ್ಲಿ ಏನೇನು ಮರೆಯಿತೋ. ಅಕ್ಕ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ.

"ಗಡಿಯಾರ ಹೋಯ್ತಲ್ಲೇ," ಅಂದರು ಭಾಯ್ ಡ್ಯಾಶ್‌ಬೋರ್ಡಿಗೆ ಮುಖ ಹತ್ತಿರ ತಂದು.

"ಹೋಗ್ಲಿ, ಮತ್ತೆ ಇಟ್ಕೊಂಡ್ರಾಯ್ತು," ಎಂದು ಆಪಾ ಹತ್ತಿ ಕೂತು ಕೀ ತಿರುಗಿಸಿದರು.